ಗಂಜಿ ಕುಡಿದರೆ ಊಟವಾದೀತೆ?

ಮನೆಯಲ್ಲಿ ಯಾರಾದರೂ ಜ್ವರ ಹಿಡಿದು ಮಲಗಿದರೆ ಮೊದಲು ನಿಲ್ಲುವುದು ರೊಟ್ಟಿ. ರಾಯಚೂರು ನಗರವಿರಲಿ, ಮಾನ್ವಿಯ ಕಡೆಯ ಹಳ್ಳಿಗಳಿರಲಿ, ಕೃಷ್ಣಾ ದಂಡೆಯ ಗೂಗಲ್ ಇರಲಿ, ಹಿರಿಯರ ಮಾತು ಒಂದೇ: ‘ಜ್ವರ ಬಿಡೂತನಕ ರೊಟ್ಟಿ ಮುಟ್ಟಬ್ಯಾಡ, ಗಂಜಿ ಕುಡಿ.’ ಒಲೆಯ ಮೇಲೆ ಅಕ್ಕಿಗಂಜಿ ಕುದಿಯುತ್ತದೆ. ಕಿರಾಣಿ ಅಂಗಡಿಯಿಂದ ಸಾಬೂದಾಣಿ, ಗ್ಲೂಕೋಸ್ ಪುಡಿಯ ಡಬ್ಬಿ ಬರುತ್ತವೆ. ನೋಡಲು ಬಂದ ನೆಂಟರು ಎಳನೀರು, ಮೋಸಂಬಿ ತರುತ್ತಾರೆ. ಹೀಗೆ ಎರಡು ದಿನ, ನಾಲ್ಕು ದಿನ, ಎಂಟು ದಿನ ಕಳೆಯುತ್ತವೆ. ಜ್ವರ ಬಿಟ್ಟರೂ ರೋಗಿ ಹಾಸಿಗೆ ಬಿಟ್ಟು ಏಳುವುದಿಲ್ಲ. ‘ನಿಶ್ಶಕ್ತಿ ಆಗೇದ’ ಎಂದು ಮತ್ತೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆ ನಿಶ್ಶಕ್ತಿಯಲ್ಲಿ ಜ್ವರದ ಪಾಲೆಷ್ಟು, ಉಪವಾಸದ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ.

(ಗೂಗಲ್ ಎಂದ ಕೂಡಲೇ ಮೊಬೈಲು ನೆನಪಾಗುವ ಕಾಲವಿದು. ಇಲ್ಲಿ ಹೇಳುತ್ತಿರುವುದು ದೇವದುರ್ಗ ತಾಲ್ಲೂಕಿನ ಊರಿನ ಮಾತು. ಮೊಬೈಲಿನ ಗೂಗಲ್‌ನಲ್ಲಿ ಸಿಗುವ ‘ಏಳು ದಿನ ಬರೀ ಜ್ಯೂಸ್’ ಎಂಬಂಥ ಸಲಹೆಗಳಿಗೆ ಆಮೇಲೆ ಬರೋಣ.)

ದ್ರವ ಆಹಾರವೇ ಕೆಟ್ಟದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಬಿರುಬಿಸಿಲಿನ ಈ ಸೀಮೆಯಲ್ಲಿ ಮಜ್ಜಿಗೆ, ಅಂಬಲಿ ಇಲ್ಲದೆ ಬೇಸಿಗೆ ಕಳೆಯುವುದು ಕಷ್ಟ. ಆದರೆ ಹೊಲಕ್ಕೆ ಹೋಗುವವರು ಬೆಳಿಗ್ಗೆ ಅಂಬಲಿ ಕುಡಿದರೂ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗುತ್ತಾರೆ. ಅಂಬಲಿ ರೊಟ್ಟಿಯ ಜೊತೆಗೆ ಇರತಕ್ಕದ್ದು, ರೊಟ್ಟಿಯ ಬದಲಿಗೆ ಅಲ್ಲ. ಜೊತೆಗಿದ್ದದ್ದು ಬದಲಿಗೆ ಬಂದಾಗ ತೊಂದರೆ ಶುರುವಾಗುತ್ತದೆ.

ಲೆಕ್ಕ ಹಾಕಿ ನೋಡಿ

ಒಂದು ಹಿಡಿ ಅಕ್ಕಿ, ಅಂದರೆ ಸುಮಾರು 50 ಗ್ರಾಂ, ತೆಗೆದುಕೊಂಡು ಒಂದು ಲೀಟರಿನಷ್ಟು ಗಂಜಿ ಮಾಡಿದಿರಿ ಎನ್ನಿ. ಅದು ಐದು ಲೋಟವಾಗುತ್ತದೆ. ಐದೂ ಲೋಟ ಕುಡಿದರೆ ರೋಗಿಗೆ ಸಿಗುವುದು ಸುಮಾರು 180 ಕ್ಯಾಲರಿ ಶಕ್ತಿ ಮತ್ತು 4 ಗ್ರಾಂ ಸಸಾರಜನಕ. ಅಗುಳು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಸಿದು ಕೊಟ್ಟರೆ ಅದೂ ಸಿಗುವುದಿಲ್ಲ. ಸಾಬೂದಾಣಿ ಬರಿಯ ಪಿಷ್ಟ. ಅದರಲ್ಲಿ ಸಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಒಂದು ಎಳನೀರಿನಿಂದ ಬರುವುದು 50 ಕ್ಯಾಲರಿಯ ಆಸುಪಾಸು.

ಈಗ ಬೇಕಾಗುವುದೆಷ್ಟು ನೋಡಿ. 55 ಕಿಲೊ ತೂಕದ ವ್ಯಕ್ತಿ ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ ಇವುಗಳಿಗಾಗಿಯೇ ದಿನಕ್ಕೆ 1,200 ಕ್ಯಾಲರಿಯ ಸುತ್ತಮುತ್ತ ಖರ್ಚಾಗುತ್ತದೆ. ಸಸಾರಜನಕ 45 ಗ್ರಾಂ ಬೇಕು. ಜ್ವರ ಎರಡು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಶಕ್ತಿಯ ಖರ್ಚು ಶೇ 10ಕ್ಕೂ ಮೇಲೆ ಹೆಚ್ಚುತ್ತದೆ. ಅಂದರೆ ಜ್ವರದಲ್ಲಿ ದೇಹಕ್ಕೆ ಹೆಚ್ಚು ಆಹಾರ ಬೇಕಾದಾಗಲೇ ನಾವು ಅತಿ ಕಡಿಮೆ ಆಹಾರ ಕೊಡುತ್ತಿರುತ್ತೇವೆ.

ಈ ಕೊರತೆಯನ್ನು ದೇಹ ಎಲ್ಲಿಂದ ತುಂಬಿಕೊಳ್ಳುತ್ತದೆ? ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನಕ್ಕೆಲ್ಲ ಮುಗಿಯುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ. ಅದರ ಜೊತೆಗೇ ಸ್ನಾಯುಗಳೂ ಕರಗುತ್ತವೆ. ಸೋಂಕಿರುವಾಗ ಸ್ನಾಯು ಕರಗುವ ವೇಗ ಇನ್ನೂ ಹೆಚ್ಚು. ತೊಡೆ, ತೋಳಿನ ಸ್ನಾಯು ಸವೆಯುವುದು ಕಣ್ಣಿಗೆ ಕಾಣುತ್ತದೆ. ಉಸಿರಾಟಕ್ಕೆ ಬೇಕಾದ ಸ್ನಾಯುವೂ ಸವೆಯುವುದು ಕಾಣುವುದಿಲ್ಲ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ.

ಇನ್ನು ‘ಬಾಟ್ಲಿ’ಯ ಮಾತು. ‘ಡಾಕ್ಟ್ರೇ, ಏನೂ ತಿಂದಿಲ್ರಿ, ಒಂದು ಗ್ಲೂಕೋಸ್ ಬಾಟ್ಲಿ ಹಚ್ರಿ’ ಎಂದು ಕೇಳುವುದು ನಮ್ಮ ಕಡೆ ರೂಢಿ. ಸಾಮಾನ್ಯವಾಗಿ ಹಚ್ಚುವ ಅರ್ಧ ಲೀಟರಿನ, ಶೇ 5ರ ಗ್ಲೂಕೋಸ್ ಬಾಟ್ಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ 100 ಕ್ಯಾಲರಿ. ಬರೀ ಸಲೈನ್ ಆದರೆ ಅದು ಉಪ್ಪುನೀರು, ಅದರಲ್ಲಿ ಕ್ಯಾಲರಿಯೇ ಇಲ್ಲ. ಅದೇ 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 200 ಕ್ಯಾಲರಿ, 6 ಗ್ರಾಂ ಸಸಾರಜನಕ, ಅಷ್ಟೇ ನಾರಿನಂಶ, ಜೊತೆಗೆ ಒಂದಿಷ್ಟು ಕಬ್ಬಿಣ ಇವೆ. ನೂರಾರು ರೂಪಾಯಿ ಕೊಟ್ಟು, ಸೂಜಿ ಚುಚ್ಚಿಸಿಕೊಂಡು ಪಡೆಯುವುದು ಅರ್ಧ ರೊಟ್ಟಿಯ ಶಕ್ತಿ ಮಾತ್ರ. ಮೈಯಲ್ಲಿ ನೀರು ಕಡಿಮೆಯಾದವರಿಗೆ, ವಾಂತಿ ನಿಲ್ಲದವರಿಗೆ ಬಾಟ್ಲಿ ಜೀವ ಉಳಿಸುತ್ತದೆ, ನಿಜ. ಅದನ್ನು ಊಟವೆಂದು ತಿಳಿಯಬಾರದು ಅಷ್ಟೆ.

ಹಲ್ಲಿಗೆ ಕೆಲಸ ಬೇಕು

‘ಹೊಟ್ಟೆಗೆ ಹೋದ ಮೇಲೆ ಎಲ್ಲವೂ ನೀರೇ ಅಲ್ಲವೆ? ಮೊದಲೇ ನೀರು ಮಾಡಿ ಕೊಟ್ಟರೆ ಪಚನಕ್ಕೆ ಸುಲಭ’ ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ಸರಿಯೆನಿಸುವ ಮಾತು. ಆದರೆ ಜಗಿಯುವುದು ಬರಿಯ ಪುಡಿ ಮಾಡುವ ಕೆಲಸವಲ್ಲ. ಜಗಿಯುವಾಗ ಜೊಲ್ಲುರಸ ಸುರಿದು ಪಿಷ್ಟವನ್ನು ಒಡೆಯತೊಡಗುತ್ತದೆ, ಬಾಯಿ ಶುಚಿಯಾಗುತ್ತದೆ. ಊಟ ಬರುತ್ತಿದೆ ಎಂಬ ಸೂಚನೆ ಜಠರಕ್ಕೂ ಮೇದೋಜೀರಕ ಗ್ರಂಥಿಗೂ ತಲುಪುತ್ತದೆ. ಸಾಕು ಎಂಬ ಸೂಚನೆ ಮಿದುಳಿಗೆ ತಲುಪಲು ಸಮಯ ಬೇಕು. ಜಗಿಯುವ ಹೊತ್ತು ಆ ಸಮಯವನ್ನು ಒದಗಿಸುತ್ತದೆ.

1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಒಂದು ಸರಳ ಪ್ರಯೋಗ ಮಾಡಿದರು. ಹತ್ತು ಮಂದಿ ಆರೋಗ್ಯವಂತರಿಗೆ ಒಂದು ದಿನ ಇಡೀ ಸೇಬು, ಇನ್ನೊಂದು ದಿನ ರುಬ್ಬಿದ ಸೇಬು, ಮತ್ತೊಂದು ದಿನ ಸೇಬಿನ ರಸ ಕೊಟ್ಟರು. ಸಕ್ಕರೆಯ ಪ್ರಮಾಣ ಮೂರರಲ್ಲೂ ಒಂದೇ. ಸೇಬು ತಿನ್ನಲು 17 ನಿಮಿಷ ಹಿಡಿಯಿತು, ರಸ ಕುಡಿಯಲು ಒಂದೂವರೆ ನಿಮಿಷ. ರಸ ಕುಡಿದವರಿಗೆ ಹೊಟ್ಟೆ ತುಂಬಿದಂತೆ ಅನಿಸಲಿಲ್ಲ. ಅವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ಸಕ್ಕರೆ ಅಂಶ ಮೊದಲಿದ್ದುದಕ್ಕಿಂತ ಕೆಳಗಿಳಿಯಿತು. ಜ್ಯೂಸ್ ಕುಡಿದ ಒಂದೆರಡು ಗಂಟೆಗೆ ಕೈಕಾಲು ಸೋತಂತಾಗಿ ಮತ್ತೆ ಏನಾದರೂ ಬೇಕೆನಿಸುವ ಅನುಭವ ನಿಮಗೂ ಆಗಿದ್ದೀತು.

2000ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹದಿನೈದು ಮಂದಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲರಿಯಷ್ಟು ಸಿಹಿ ಮಿಠಾಯಿ, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲರಿಯ ಸಿಹಿ ಪಾನೀಯ ಕೊಟ್ಟರು. ಮಿಠಾಯಿ ತಿಂದ ದಿನಗಳಲ್ಲಿ ಅವರು ತಮಗೆ ಅರಿವಿಲ್ಲದೆಯೇ ಉಳಿದ ಊಟ ಕಡಿಮೆ ಮಾಡಿಕೊಂಡರು. ಪಾನೀಯ ಕುಡಿದ ದಿನಗಳಲ್ಲಿ ಊಟ ಕಡಿಮೆಯಾಗಲಿಲ್ಲ, ತೂಕ ಹೆಚ್ಚಿತು. ಕುಡಿದದ್ದನ್ನು ದೇಹ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಇದರಿಂದ ತಿಳಿದ ಸಂಗತಿ. ಮಧುಮೇಹ ಇರುವವರು ಹಣ್ಣಿನ ರಸ, ಕಬ್ಬಿನ ಹಾಲು, ಗ್ಲೂಕೋಸ್ ಪುಡಿ ಇವುಗಳಿಂದ ದೂರವಿರಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಸೋಸಿದ ರಸದಲ್ಲಿ ನಾರಿನಂಶ ಉಳಿಯುವುದಿಲ್ಲ. ದೊಡ್ಡ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳ ಆಹಾರವೇ ನಾರು. ಅದಿಲ್ಲದೆ ನಾಲ್ಕು ದಿನ ಕಳೆದರೆ ಮಲಬದ್ಧತೆ ಬರುತ್ತದೆ. ಮೂಲವ್ಯಾಧಿ ಇದ್ದವರ ಪಾಡು ಹೇಳುವುದೇ ಬೇಡ.

‘ರೊಟ್ಟಿ ತಿಂದರೆ ಕರುಳು ಹರಿಯುತ್ತದೆ’

ವಿಷಮಶೀತ ಜ್ವರ ಅಂದರೆ ಟೈಫಾಯ್ಡ್ ಬಂದಾಗ ಈ ಹೆದರಿಕೆ ಎಲ್ಲ ಮನೆಗಳಲ್ಲೂ ಇದೆ. ಇದು ಪೂರ್ತಿ ಆಧಾರವಿಲ್ಲದ ಹೆದರಿಕೆಯೂ ಅಲ್ಲ. ಟೈಫಾಯ್ಡಿನಲ್ಲಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣಾಗುತ್ತದೆ. ಚಿಕಿತ್ಸೆ ಸಿಗದೆ ಎರಡು ಮೂರು ವಾರ ಕಳೆದರೆ ಆ ಹುಣ್ಣು ತೂತಾಗುವುದುಂಟು. ಅದು ರೋಗದ ತೀವ್ರತೆಯಿಂದ ಆಗುವುದು. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಪಾಶ್ಚಾತ್ಯ ವೈದ್ಯರೂ ಇದೇ ಹೆದರಿಕೆಯಿಂದ ರೋಗಿಗಳನ್ನು ವಾರಗಟ್ಟಲೆ ಹಾಲು, ಬಾರ್ಲಿ ನೀರಿನ ಮೇಲೆ ಇಡುತ್ತಿದ್ದರು. 1910ರ ಸುಮಾರಿಗೆ ನ್ಯೂಯಾರ್ಕಿನ ವೈದ್ಯ ವಾರೆನ್ ಕೋಲ್ಮನ್ ಟೈಫಾಯ್ಡ್ ರೋಗಿಗಳಿಗೆ ಧಾರಾಳವಾಗಿ, ಹೆಚ್ಚು ಕ್ಯಾಲರಿಯ ಆಹಾರ ಕೊಟ್ಟು ನೋಡಿದರು. ರೋಗಿಗಳು ಒಣಗಿ ಕಡ್ಡಿಯಾಗುವುದು ತಪ್ಪಿತು. ಪಾಶ್ಚಾತ್ಯ ವೈದ್ಯರು ನೂರು ವರ್ಷದ ಹಿಂದೆಯೇ ಬಿಡತೊಡಗಿದ ಪಥ್ಯ ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಉಳಿದಿದೆ.

ಇಲ್ಲಿ ಒಂದು ಭೇದ ತಿಳಿಯಬೇಕು. ಗಟ್ಟಿ ಆಹಾರವೆಂದರೆ ಬಿರುಸಾದ ಆಹಾರವೆಂದು ಅರ್ಥವಲ್ಲ. ಟೈಫಾಯ್ಡ್ ರೋಗಿಗೆ ಒಣಗಿದ ಖಡಕ್ ರೊಟ್ಟಿ, ಮೆಣಸಿನಕಾಯಿ ಚಟ್ನಿ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಬೇಳೆ ಹಾಕಿ, ಒಂದು ಚಮಚ ತುಪ್ಪ ಹಾಕಿ ಕೊಡಿ. ಜೋಳದ ನುಚ್ಚು ಚೆನ್ನಾಗಿ ಬೇಯಿಸಿ ಮೊಸರು ಕಲಸಿ ಕೊಡಿ. ಬಿಸಿ ರೊಟ್ಟಿಯನ್ನು ಮುರಿದು ಹಾಲಿನಲ್ಲಿಯೋ ಬೇಳೆ ಸಾರಿನಲ್ಲಿಯೋ ನೆನೆಹಾಕಿದರೆ ಅದೂ ಮೆತ್ತಗಾಗುತ್ತದೆ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಇಡ್ಲಿ ಯಾವುದಾದರೂ ಆದೀತು. ಬಾಯಿಗೆ ರುಚಿ ಇಲ್ಲದ ರೋಗಿಗೆ ದಿನಕ್ಕೆ ಮೂರು ಸಲದ ಬದಲು ಆರು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಆದರೆ ಜ್ವರದ ನಡುವೆ ಒಮ್ಮೆಲೆ ಹೊಟ್ಟೆ ತೀವ್ರವಾಗಿ ನೋಯತೊಡಗಿದರೆ, ಹೊಟ್ಟೆ ಬಿಗಿದು ಉಬ್ಬಿದರೆ ಏನನ್ನೂ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ವಾಂತಿಭೇದಿಯ ವಿಷಯವೂ ಹೀಗೆಯೇ. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದ್ದನ್ನು, ಕೆಲವರು ಪ್ರಾಣ ಕಳೆದುಕೊಂಡಿದ್ದನ್ನು ಈ ಭಾಗದವರು ಮರೆತಿರಲಾರರು. ಭೇದಿಯಲ್ಲಿ ಮೊದಲ ಮದ್ದು ಓಆರ್‌ಎಸ್ ದ್ರಾವಣ, ಅದರಲ್ಲಿ ಸಂದೇಹವಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದೇ ದ್ರಾವಣದಿಂದ ಸಾವಿರಾರು ಜೀವ ಉಳಿಸಿದರು. ಆದರೆ ಓಆರ್‌ಎಸ್ ಕಳೆದುಹೋದ ನೀರು, ಲವಣವನ್ನು ಮರಳಿ ತುಂಬುವ ಔಷಧಿ. ಅದು ಆಹಾರವಲ್ಲ. ‘ತಿಂದರೆ ಭೇದಿ ಹೆಚ್ಚುತ್ತದೆ’ ಎಂದು ಮಗುವಿನ ಊಟ ನಿಲ್ಲಿಸಬೇಡಿ. ತಿನ್ನುತ್ತಿರುವ ಮಗುವಿನ ಕರುಳು ಬೇಗ ಸರಿಹೋಗುತ್ತದೆ. ಎದೆಹಾಲನ್ನಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು.

ಕೂಸಿನ ಬಟ್ಟಲು

ಜ್ವರದ ಗಂಜಿ ಹೆಚ್ಚೆಂದರೆ ಕೆಲವು ದಿನದ್ದು. ಕೂಸಿನ ತೆಳುಗಂಜಿ ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕಾಗಿ ಈ ಮಾತನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಹುಟ್ಟಿದ ದಿನದಿಂದ ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆರು ತಿಂಗಳಾದ ಮೇಲೆ ಎದೆಹಾಲೊಂದೇ ಸಾಲದು. ತಾಯಿಯ ಗರ್ಭದಲ್ಲಿದ್ದಾಗ ಕೂಸು ಕೂಡಿಟ್ಟುಕೊಂಡ ಕಬ್ಬಿಣದಂಶ ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ಆಗ ಬೇಕಾದದ್ದು ಮೆತ್ತನೆಯ, ಆದರೆ ಗಟ್ಟಿಯಾದ ಆಹಾರ. ನಮ್ಮಲ್ಲಿ ನಡೆಯುವುದೇನು? ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ತಾಯಿ ಬೆಳಿಗ್ಗೆಯೇ ಕೂಲಿಗೆ ಹೋಗುತ್ತಾಳೆ. ಕೂಸು ಅಜ್ಜಿಯ ಬಳಿಯೋ ಅಕ್ಕನ ಬಳಿಯೋ ಉಳಿಯುತ್ತದೆ. ಗುಳೆ ಹೋದ ಕುಟುಂಬಗಳಲ್ಲಿ ಕೆಲಸದ ಜಾಗದ ಬದಿಗೇ ಕೂಸು ಮಲಗಿರುತ್ತದೆ. ಅತ್ತರೆ ನೀರು ಬೆರೆಸಿದ ಹಾಲು, ಬೇಳೆಯ ಮೇಲಿನ ಕಟ್ಟು, ಅಕ್ಕಿ ತಿಳಿ, ಕೆಲವೊಮ್ಮೆ ಬಿಸ್ಕತ್ತು ಅದ್ದಿದ ಚಹಾ. ‘ಗಂಟಲಿಗೆ ಸಿಕ್ಕೊಂತದ’ ಎಂಬ ಅಜ್ಜಿಯ ಹೆದರಿಕೆ ಪ್ರೀತಿಯಿಂದ ಬಂದದ್ದು. ಆದರೆ ಅದರ ಫಲ ಒಳ್ಳೆಯದಲ್ಲ.

ಏಳು ಕಿಲೊ ತೂಕದ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಸಣ್ಣ ಬಟ್ಟಲು. ಆ ಬಟ್ಟಲಿನ ತುಂಬ ತೆಳುಗಂಜಿ ಇದ್ದರೆ ಕೂಸಿಗೆ 60 ಕ್ಯಾಲರಿ ಸಿಕ್ಕೀತು. ಅದೇ ಬಟ್ಟಲಿನಲ್ಲಿ ಚಮಚದಿಂದ ಕೆಳಗೆ ಜಾರದಷ್ಟು ಗಟ್ಟಿಯಾದ ಗಂಜಿ, ಬೇಳೆ, ಎಣ್ಣೆ ಇದ್ದರೆ 180–200 ಕ್ಯಾಲರಿ. ಎರಡರಲ್ಲೂ ಹೊಟ್ಟೆ ತುಂಬುತ್ತದೆ, ಎರಡರಲ್ಲೂ ಅಳು ನಿಲ್ಲುತ್ತದೆ. ಆದ್ದರಿಂದಲೇ ಮನೆಯವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಮಗು ಓರಗೆಯ ಮಕ್ಕಳಿಗಿಂತ ಗಿಡ್ಡವಾಗಿ, ಬಿಳಿಚಿಕೊಂಡು, ಪದೇ ಪದೇ ಕೆಮ್ಮು ನೆಗಡಿಗೆ ಗುರಿಯಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಇದಕ್ಕೆಲ್ಲ ತೆಳುಗಂಜಿಯೊಂದೇ ಕಾರಣವಲ್ಲ. ಬಡತನ, ಕೆಟ್ಟ ನೀರು, ತಾಯಿಯ ರಕ್ತಹೀನತೆ ಎಲ್ಲವೂ ಸೇರಿವೆ. ಆದರೆ ಬಟ್ಟಲಿನ ಗಂಜಿಯನ್ನು ಗಟ್ಟಿ ಮಾಡುವುದು ಇವತ್ತೇ, ನಮ್ಮ ಕೈಯಲ್ಲೇ ಇರುವ ಕೆಲಸ.

ಹಾಲು ಕೊಟ್ಟರೆ ಸಾಕೆನ್ನುವ ಅನುಕೂಲಸ್ಥರ ಮನೆಯಲ್ಲೂ ಅಪಾಯವಿದೆ. ಆಕಳು, ಎಮ್ಮೆಯ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನಬಹುದು. ದಿನವಿಡೀ ಬಾಟ್ಲಿಯಲ್ಲಿ ಹಾಲು ಕುಡಿಯುವ ಒಂದೂವರೆ ವರ್ಷದ ಮಗು ಗುಂಡಗೆ ಕಂಡರೂ ರಕ್ತಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ ಎಂಟಕ್ಕೋ ಏಳಕ್ಕೋ ಇಳಿದಿರುವುದನ್ನು ಮಕ್ಕಳ ವೈದ್ಯರು ಕಾಣುತ್ತಲೇ ಇರುತ್ತಾರೆ. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಚಹಾ ಬೇಡವೇ ಬೇಡ. ಅದು ಊಟದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಸರ್ಕಾರ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಆರಂಭಿಸಿದಾಗ ಶಾಲೆಯ ಮಕ್ಕಳಿಗೆ ಹಾಲು ಬಂತು. ಆದರೆ ಬಿಸಿಯೂಟ ನಿಲ್ಲಲಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಅದಕ್ಕೆ ಮೊಟ್ಟೆಯೂ ಸೇರಿತು. ಹಾಲಿನ ಜೊತೆಗೆ ಜಗಿಯುವ ಊಟವೂ ಬೇಕೆಂಬ ಲೆಕ್ಕ ಅಲ್ಲಿ ಸರಿಯಾಗಿದೆ.

ಕೂಸು ಗಟ್ಟಿಯದನ್ನು ನುಂಗಲು ಒಲ್ಲೆನೆಂದರೆ ನೀರು ಬೆರೆಸಬೇಡಿ. ಅದಕ್ಕೆ ಬೇರೆ ಉಪಾಯವಿದೆ. ರಾಗಿ ಅಥವಾ ಗೋಧಿಯನ್ನು ನೆನೆಹಾಕಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟ ಒಡೆದಿರುವುದರಿಂದ ಗಂಜಿ ಅಂಟಾಗುವುದಿಲ್ಲ. ಹಿಟ್ಟು ಹೆಚ್ಚು ಹಾಕಿದರೂ ತೆಳುವಾಗಿಯೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು 1980ರ ದಶಕದಲ್ಲಿಯೇ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಇಂಥ ಮಕ್ಕಳ ಆಹಾರವನ್ನು ರೂಪಿಸಿದ್ದರು. ಜೋಳವನ್ನು ಮಾತ್ರ ಮನೆಯಲ್ಲಿ ಹೀಗೆ ಮೊಳಕೆ ಬರಿಸಲು ಹೋಗಬೇಡಿ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ರೈತರು ಬಲ್ಲರು. ಅದೇ ವಿಷಾಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಜೋಳದ ಹಿಟ್ಟಿಗೆ, ರೊಟ್ಟಿಗೆ ಈ ಭಯವಿಲ್ಲ.

ಗಂಜಿಗೆ ಒಂದು ಚಮಚ ಹುರಿದ ಶೇಂಗಾ ಪುಡಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿ. ಬೇಳೆಯ ಕಟ್ಟಿನ ಬದಲು ಬೇಳೆಯನ್ನೇ ಹಿಸುಕಿ ಕೊಡಿ. ಒಂಬತ್ತು ತಿಂಗಳ ಹೊತ್ತಿಗೆ ಮಗು ಕೈಯಲ್ಲಿ ಹಿಡಿದು ತಿನ್ನುವಂತಾಗಲಿ. ಆ ವಯಸ್ಸಿನಲ್ಲಿ ಜಗಿಯಲು ಕಲಿಯದ ಮಗು ಮೂರು ವರ್ಷವಾದರೂ ಹಾಲಿನ ಬಾಟ್ಲಿ ಬಿಡುವುದಿಲ್ಲ. ಅಂಗನವಾಡಿಯಲ್ಲಿ ಮಗುವಿನ ತೋಳನ್ನು ಪಟ್ಟಿಯಿಂದ ಅಳೆಯುತ್ತಾರೆ. ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮನೆಯ ಉಪಚಾರ ಸಾಲದು. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗುತ್ತದೆ.

ಹಲ್ಲಿಲ್ಲದ ಹಿರಿಯರು

ಮನೆಯ ಅಜ್ಜ, ಅಜ್ಜಿಯರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹಲ್ಲು ಬಿದ್ದ ಮೇಲೆ ರೊಟ್ಟಿ ತಪ್ಪಿ ಅಂಬಲಿ ಬರುತ್ತದೆ, ಆಮೇಲೆ ಚಹಾ, ಬಿಸ್ಕತ್ತು. ‘ವಯಸ್ಸಾತು, ಸಾಕು ಬಿಡವ್ವಾ’ ಎಂದು ಅವರೂ ಸೊಸೆಗೆ ಹೇಳಿಬಿಡುತ್ತಾರೆ. ವಯಸ್ಸಾದಂತೆ ಸ್ನಾಯು ತಾನಾಗಿಯೇ ಸವೆಯುತ್ತದೆ. ಸಸಾರಜನಕ ಕಡಿಮೆಯಾದರೆ ಆ ಸವೆತ ಬೇಗನಾಗುತ್ತದೆ. ಕುಳಿತಲ್ಲಿಂದ ಏಳಲಾಗದೆ, ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ತಿಂಗಳುಗಟ್ಟಲೆ ಚಹಾ ಕುಡಿದು ಕಳೆದ ದಿನಗಳಿರುತ್ತವೆ. ಹಲ್ಲಿನ ಸೆಟ್ಟು ಮಾಡಿಸಿಕೊಡಿ. ಅದು ಶೋಕಿಯಲ್ಲ. ಅಲ್ಲಿಯವರೆಗೆ ಮುಟಗಿ, ನೆನೆಸಿದ ರೊಟ್ಟಿ, ಸಂಗಟಿ, ಬೇಳೆ, ಮೊಸರು, ಮೊಟ್ಟೆ ನಡೆಯಲಿ.

ಪಾರ್ಶ್ವವಾಯು ಹೊಡೆದವರ ವಿಷಯದಲ್ಲಿ ಬಹಳ ಎಚ್ಚರ ಬೇಕು. ‘ನುಂಗಲು ಆಗವಲ್ದು, ನೀರರ ಕುಡಿಸೋಣು’ ಎಂದು ಬಾಯಿಗೆ ನೀರು ಹನಿಸುತ್ತಾರೆ. ನುಂಗುವ ಶಕ್ತಿ ಕುಗ್ಗಿದವರಿಗೆ ನೀರೇ ಎಲ್ಲಕ್ಕಿಂತ ಕಷ್ಟದ ವಸ್ತು. ಅದು ವೇಗವಾಗಿ ಹರಿದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ನೀರು ಕುಡಿದಾಗಲೆಲ್ಲ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ಗರಗರ ಸದ್ದು, ಆಗಾಗ ಜ್ವರ ಇವು ಅದರ ಸೂಚನೆಗಳು. ಇದರಿಂದ ಬರುವ ನ್ಯುಮೋನಿಯಾ ಅನೇಕರ ಪ್ರಾಣ ತೆಗೆಯುತ್ತದೆ. ಇಂಥವರಿಗೆ ತೆಳು ದ್ರವಕ್ಕಿಂತ ಪಾಯಸದ ಹದದ ಗಟ್ಟಿ ಆಹಾರ ಹೆಚ್ಚಾಗಿ ಸುಲಭವಾಗುತ್ತದೆ. ಯಾವ ಹದ ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಮಲಗಿಸಿಕೊಂಡು ಏನನ್ನೂ ಕುಡಿಸಬಾರದು. ನೆಟ್ಟಗೆ ಕೂಡಿಸಿ, ಗದ್ದ ತುಸು ಕೆಳಗೆ ಮಾಡಿಸಿ, ಒಂದು ಚಮಚ ನುಂಗಿದ ಮೇಲೆ ಇನ್ನೊಂದು ಕೊಡಿ. ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ಏನನ್ನೂ ಹಾಕಬೇಡಿ.

ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರು, ಹಣ್ಣಿನ ರಸದಲ್ಲಿನ ಪೊಟ್ಯಾಸಿಯಂ ಅಪಾಯಕಾರಿ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ತೂಕ ಇಳಿಸುವ ಆಸೆ

ಈಗ ಮೊಬೈಲಿನ ಗೂಗಲ್. ಮದುವೆ ಗೊತ್ತಾದ ಹುಡುಗಿಯರು, ಹೊಟ್ಟೆ ಬಂದ ನಡುವಯಸ್ಸಿನವರು ಬರೀ ಜ್ಯೂಸಿನ ಮೇಲೆ, ಇಲ್ಲವೆ ಊಟದ ಬದಲು ಕುಡಿಯುವ ಪುಡಿಗಳ ಮೇಲೆ ದಿನ ಕಳೆಯತೊಡಗಿದ್ದಾರೆ. ಇದು ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಮೊದಲ ವಾರ ಎರಡು ಮೂರು ಕಿಲೊ ಇಳಿಯುವುದು ನಿಜ. ಇಳಿದದ್ದರಲ್ಲಿ ಹೆಚ್ಚಿನದು ನೀರು. ಆಮೇಲೆ ತಲೆಸುತ್ತು, ಸಿಡುಕು, ಮಲಬದ್ಧತೆ. ಎರಡು ಮೂರು ತಿಂಗಳ ನಂತರ ಕೂದಲು ಉದುರಲು ಶುರುವಾದಾಗ ಎಣ್ಣೆ ಬದಲಿಸುತ್ತಾರೆಯೇ ಹೊರತು ಹಳೆಯ ಜ್ಯೂಸ್ ವ್ರತ ನೆನಪಾಗುವುದಿಲ್ಲ. ತೂಕ ಬಹಳ ಬೇಗ ಇಳಿದವರ ಪಿತ್ತಕೋಶದಲ್ಲಿ ಕಲ್ಲುಗಳಾಗುವುದೂ ಉಂಟು.

ಇದು ಹೊಸ ಹುಚ್ಚೇನೂ ಅಲ್ಲ. 1976ರಲ್ಲಿ ಅಮೆರಿಕದ ರಾಬರ್ಟ್ ಲಿನ್ ಎಂಬ ವೈದ್ಯರು ಊಟವನ್ನೇ ಬಿಟ್ಟು ದ್ರವರೂಪದ ಪ್ರೋಟೀನ್ ಕುಡಿಯುವ ವಿಧಾನದ ಬಗ್ಗೆ ಪುಸ್ತಕ ಬರೆದರು. ಪ್ರಾಣಿಗಳ ಚರ್ಮ ಮುಂತಾದವುಗಳಿಂದ ತೆಗೆದ ಆ ಪ್ರೋಟೀನಿನ ಗುಣಮಟ್ಟ ಕಳಪೆ. ಲವಣಗಳೂ ಸಾಲದಾದವು. ಒಂದೆರಡು ವರ್ಷದಲ್ಲಿ ಇಂಥ ಆಹಾರ ಸೇವಿಸಿದವರಲ್ಲಿ ಸುಮಾರು 60 ಸಾವುಗಳು ವರದಿಯಾದವು. ಅವರಲ್ಲಿ ಅನೇಕರು ಹೃದಯದ ಬಡಿತ ಏರುಪೇರಾಗಿ ಹಠಾತ್ತನೆ ಸತ್ತವರು. 1988ರಲ್ಲಿ ಅಮೆರಿಕದ ಟಿ.ವಿ. ತಾರೆ ಓಪ್ರಾ ವಿನ್‌ಫ್ರೀ ತಿಂಗಳುಗಟ್ಟಲೆ ದ್ರವಾಹಾರದ ಮೇಲಿದ್ದು 30 ಕಿಲೊ ಇಳಿಸಿದ್ದನ್ನು ಕೋಟ್ಯಂತರ ಜನ ನೋಡಿದರು. ಊಟ ಶುರು ಮಾಡಿದ ಮೇಲೆ ತೂಕ ಮರಳಿ ಬಂತು. ಕುಡಿಯುವ ದಿನಗಳಲ್ಲಿ ಊಟದ ಅಭ್ಯಾಸ ಬದಲಾಗುವುದಿಲ್ಲ. ಅದು ಹಾಗೇ ಕಾದು ಕುಳಿತಿರುತ್ತದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಸಂಗತಿ ಇದೆ. 2017ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಧುಮೇಹಿಗಳನ್ನು ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರದ ಮೇಲಿಟ್ಟಾಗ ವರ್ಷದ ಕೊನೆಗೆ ಅರ್ಧಕ್ಕೆ ಹತ್ತಿರ ಮಂದಿಯ ಸಕ್ಕರೆ ಕಾಯಿಲೆ ಮಾತ್ರೆಯಿಲ್ಲದೆ ಹತೋಟಿಗೆ ಬಂತು. ಆದರೆ ಅಲ್ಲಿ ಕೊಟ್ಟದ್ದು ಎಲ್ಲ ಪೋಷಕಾಂಶ ಅಳೆದು ಬೆರೆಸಿದ ಆಹಾರ. ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು. ದಾದಿಯರು, ಆಹಾರತಜ್ಞರು ಉದ್ದಕ್ಕೂ ನೋಡಿಕೊಂಡರು, ಗಟ್ಟಿ ಊಟಕ್ಕೆ ಮರಳಿಸಲು ವಾರಗಟ್ಟಲೆ ತರಬೇತಿ ಕೊಟ್ಟರು. ಮಾತ್ರೆ ನುಂಗುತ್ತಲೇ ಮನೆಯಲ್ಲಿ ಜ್ಯೂಸ್ ಕುಡಿದುಕೊಂಡಿರುವುದು ಇದಲ್ಲ. ಹಾಗೆ ಮಾಡಿದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿದೀತು. ಇನ್ನು ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಕುಡಿಯುವುದು ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಕುಡಿಯಲೇಬೇಕಾದಾಗ

ದವಡೆ ಮುರಿದು ತಂತಿ ಕಟ್ಟಿದಾಗ, ಬಾಯಿ ಅಥವಾ ಗಂಟಲಿನ ಶಸ್ತ್ರಚಿಕಿತ್ಸೆಯಾದಾಗ, ಹೊಟ್ಟೆಯ ಆಪರೇಷನ್ ಆದ ಮೊದಲ ದಿನಗಳಲ್ಲಿ ದ್ರವ ಆಹಾರ ಬೇಕೇ ಬೇಕು. ಆಗ ನೀರಿನಂತಹ ಗಂಜಿಯ ಬದಲು ಸತ್ವವುಳ್ಳದ್ದನ್ನು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಹಾಲಿನಲ್ಲಿ ಬೇಯಿಸಿದ ಮೊಳಕೆ ರಾಗಿ, ರುಬ್ಬಿದ ಬೇಳೆ–ಅನ್ನ, ಬಾಳೆಹಣ್ಣು ಸೇರಿಸಿ ಕಡೆದ ಮೊಸರು, ಶೇಂಗಾ ರುಬ್ಬಿ ಬೆರೆಸಿದ ಹಾಲು ಇವನ್ನೆಲ್ಲ ಎರಡು ಗಂಟೆಗೊಮ್ಮೆ ಕೊಡಬಹುದು. ಪ್ರತಿ ಸಲವೂ ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೀಳಲಿ. ವಾರಕ್ಕೊಮ್ಮೆ ತೂಕ ನೋಡಿ.

ವಾರಕ್ಕೂ ಮೇಲೆ ಏನೂ ತಿನ್ನದೆ ಒಣಗಿದವರಿಗೆ ಒಮ್ಮೆಲೆ ಹೊಟ್ಟೆ ತುಂಬ ಉಣಿಸಲೂಬಾರದು. ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲೇ ಊಟ ಶುರುವಾಗಬೇಕು. ಮೂರು ನಾಲ್ಕು ದಿನದ ಜ್ವರದವರಿಗೆ ಈ ಭಯವಿಲ್ಲ. ಹಸಿವೆ ಎಂದ ಕೂಡಲೇ ಮೆತ್ತನೆಯ ಊಟ ಕೊಡಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ‘ಸ್ವಲ್ಪ ದಿನ ಗಂಜಿ ಕೊಡ್ರಿ’ ಎಂದು ಯಾರಾದರೂ ಹೇಳಿದರೆ, ಎಷ್ಟು ದಿನ, ಆಮೇಲೆ ಏನು ಎಂದು ಕೇಳಿ, ಅದನ್ನೂ ಔಷಧಿ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.